ತಟ್ಟೆಯಂಥ ಹಳೇ ಬ್ರಿಟಿಷ್ ಹೆಲ್ಮೆಟ್: ಮೊದಲ ಮಹಾಯುದ್ಧದ್ದೋ ಎರಡನೆಯದ್ದೋ, ಗುರುತಿಸುವುದು ಹೇಗೆ?

ತಗಡುಟೋಪಿ (ಕವೆಂಟ್ರಿ):
ಇಲ್ಲಿನ ಭಾನುವಾರದ ಹಳೇ ಸಾಮಾನಿನ ಸಂತೆಗಳಿಗೆ ಬೋಗುಣಿ ಕವುಚಿದಂಥ, ಅಗಲ ಅಂಚಿನ ಉಕ್ಕಿನ ಹೆಲ್ಮೆಟ್‌ಗಳು ಬರುತ್ತವೆ. ಮಾರುವವರು ಎಲ್ಲವನ್ನೂ ‘ಮೊದಲ ಮಹಾಯುದ್ಧದ್ದು’ ಎಂದೇ ಹೇಳುತ್ತಾರೆ. ಸದ್ಯ ಎರಡರ ಮೇಲೆ ಕಣ್ಣಿದೆ.

ಒಂದು ಹಸಿರುಗಂದು ಬಣ್ಣದ್ದು. ಅಂಚಿನ ಕೆಳಭಾಗದಲ್ಲಿ ‘ಎಚ್‌ಎಸ್’ ಮತ್ತು ಕೆಲವು ಅಂಕಿಗಳನ್ನು ಒತ್ತಿದ್ದಾರೆ. ನೆತ್ತಿಯಲ್ಲಿ ಒಂದೇ ಸ್ಕ್ರೂ, ಗದ್ದದ ಪಟ್ಟಿ ಬಟ್ಟೆಯದು. ಇನ್ನೊಂದು ಕಪ್ಪು. ಮುಂದೆ ಬಿಳಿ ಬಣ್ಣದಲ್ಲಿ ‘ಡಬ್ಲ್ಯು’ ಅಕ್ಷರವಿದೆ, ಅಂಚಿನಲ್ಲಿ ಮೂರು ಸಣ್ಣ ತೂತು. ಫ್ರಿಜ್ ಮೇಲಿನ ಆಯಸ್ಕಾಂತ ಇದಕ್ಕೆ ಗಟ್ಟಿಯಾಗಿ ಹಿಡಿಯುತ್ತದೆ, ಮೊದಲನೆಯದಕ್ಕೆ ಹಿಡಿಯುವುದೇ ಇಲ್ಲ. ಹಾಗಾದರೆ ಮೊದಲನೆಯದು ಉಕ್ಕೇ ಅಲ್ಲವೇ? ಇವು ಯಾವ ಕಾಲದವು, ಕೊಂಡರೆ ತೊಳೆಯುವುದು ಹೇಗೆ, ತಿಳಿದವರು ಹೇಳಿ.

ಸಾಣೆಕಲ್ಲು:
ಆಯಸ್ಕಾಂತ ಹಿಡಿಯಲಿಲ್ಲ ಎಂಬುದೇ ಮೊದಲನೆಯದರ ಬಗ್ಗೆ ಒಳ್ಳೆಯ ಸುದ್ದಿ. ಜಾನ್ ಬ್ರೋಡಿ 1915ರಲ್ಲಿ ಪೇಟೆಂಟ್ ಪಡೆದ ಈ ಹೆಲ್ಮೆಟ್ಟನ್ನು ಮೊದಮೊದಲು ಸಾದಾ ಉಕ್ಕಿನಲ್ಲಿ ಮಾಡಿದರು. ಅದೇ ವರ್ಷದ ಕೊನೆಯ ಹೊತ್ತಿಗೆ ಹ್ಯಾಡ್‌ಫೀಲ್ಡ್ ಉಕ್ಕಿಗೆ ಬದಲಾಯಿಸಿದರು. ಅದರಲ್ಲಿ ಸುಮಾರು ಶೇ. 12ರಷ್ಟು ಮ್ಯಾಂಗನೀಸ್ ಇರುತ್ತದೆ. ಪೆಟ್ಟು ಬಿದ್ದ ಜಾಗದಲ್ಲಿ ಇನ್ನಷ್ಟು ಗಡುಸಾಗುವುದು ಆ ಉಕ್ಕಿನ ಗುಣ. ಆಯಸ್ಕಾಂತಕ್ಕೆ ಅದು ಒಲಿಯುವುದಿಲ್ಲ.

ಪರೀಕ್ಷೆ ಮಾಡುವಾಗ ಆಯಸ್ಕಾಂತವನ್ನು ಬೋಗುಣಿಯ ನಡುಭಾಗಕ್ಕೇ ಇಡಿ. ಮೊದಲ ಯುದ್ಧದ ಮಾರ್ಕ್ 1ರಲ್ಲಿ ಅಂಚಿನ ಸುತ್ತ ಮಡಚಿದ ಪಟ್ಟಿ ಸಾದಾ ಉಕ್ಕಿನದು, ಅಲ್ಲಿ ಹಿಡಿದೇ ಹಿಡಿಯುತ್ತದೆ. ಅಂಚಿಗೆ ಇಟ್ಟು ನೋಡಿ ‘ನಕಲಿ’ ಎಂದು ಬಿಟ್ಟುಬರುವುದು ಹೊಸಬರು ಮಾಡುವ ಸಾಮಾನ್ಯ ತಪ್ಪು. ಫ್ರಿಜ್ ಆಯಸ್ಕಾಂತವೇ ಸಾಕು. ನಿಯೋಡಿಮಿಯಂನಂಥ ಬಲವಾದದ್ದು ಬೇಡ, ಹತ್ತಿರದ ರಿವೆಟ್ ಅದನ್ನು ಎಳೆದರೂ ಉಕ್ಕೇ ಎಳೆದಂತೆ ತೋರುತ್ತದೆ.

ಇನ್ನು ಗುರುತು. ‘ಎಚ್‌ಎಸ್’ ಎಂದರೆ ಶೆಫೀಲ್ಡಿನ ಹ್ಯಾಡ್‌ಫೀಲ್ಡ್ಸ್ ಉಕ್ಕು, ಮೊದಲ ಯುದ್ಧದ ಕಾಲದ್ದು. ಎರಡನೆಯ ಯುದ್ಧದ ಮಾರ್ಕ್ 2ರಲ್ಲಿ ತಯಾರಕರ ಅಕ್ಷರದ ಜೊತೆ ಸಾಮಾನ್ಯವಾಗಿ ಇಸವಿಯೂ ಇರುತ್ತದೆ: ಬ್ರಿಗ್ಸ್ ಮೋಟಾರ್ ಬಾಡೀಸ್‌ಗೆ ‘ಬಿಎಂಬಿ’, ಹ್ಯಾರಿಸನ್ ಬ್ರದರ್ಸ್ ಅಂಡ್ ಹೌಸನ್‌ಗೆ ‘ಎಚ್‌ಬಿಎಚ್’, ಜೋಸೆಫ್ ಸ್ಯಾಂಕಿಗೆ ‘ಜೆಎಸ್‌ಎಸ್’. ಬಣ್ಣ ದಪ್ಪಗಿದ್ದರೆ ಅಕ್ಷರ ಕಾಣದು. ಟಾರ್ಚನ್ನು ಅಂಚಿಗೆ ಅಡ್ಡಲಾಗಿ ಹಿಡಿದರೆ ನೆರಳಿನಲ್ಲಿ ಏಳುತ್ತದೆ. ಕೆರೆದು ನೋಡಬೇಡಿ.

ಮಾರ್ಕ್ 1ರ ಲೈನರ್ (ತಲೆಗೆ ತಾಗುವ ಒಳಪದರ) ನೆತ್ತಿಯಲ್ಲಿ ಒಂದು ರಿವೆಟ್‌ಗೆ ನಿಂತಿರುತ್ತದೆ, ಬಿಚ್ಚಲಾಗದು. ಗದ್ದದ ಪಟ್ಟಿ ಚರ್ಮದ್ದು. ಮಾರ್ಕ್ 2 ಬಂದದ್ದು 1938ರಲ್ಲಿ. ಅದರ ಲೈನರ್ ಒಂದೇ ಸ್ಕ್ರೂಗೆ ಕೂರುತ್ತದೆ. ಗದ್ದದ ಪಟ್ಟಿ ನೇಯ್ದದ್ದು, ಮೊದಲಿನವುಗಳಲ್ಲಿ ಎರಡು ಬದಿಗೂ ಸುರುಳಿ ಸ್ಪ್ರಿಂಗ್ ಅಡಗಿರುತ್ತದೆ, ಆಮೇಲಿನವು ಎಲಾಸ್ಟಿಕ್. ನಿಮ್ಮದರಲ್ಲಿ ಉಕ್ಕು ಮೊದಲ ಯುದ್ಧದ್ದು, ಒಳಗಿನ ಸಾಮಾನು ಎರಡನೆಯದ್ದು. ಇದನ್ನು ಯಾರೋ ಸಂತೆಯಲ್ಲಿ ಜೋಡಿಸಿದ್ದು ಎಂದು ಕೈಬಿಡಬೇಡಿ. 1936ರಿಂದ ಸೇನೆಯೇ ದಾಸ್ತಾನಿನಲ್ಲಿದ್ದ ಹಳೇ ಬೋಗುಣಿಗಳಿಗೆ ಹೊಸ ಲೈನರ್ ಹಾಕಿ ಕೊಟ್ಟಿತು. ಅದರ ಹೆಸರು ಮಾರ್ಕ್ 1 ಸ್ಟಾರ್. ನನ್ನ ಮಟ್ಟಿಗೆ ಹೊಸಬರು ಮೊದಲು ಕೊಳ್ಳಬೇಕಾದದ್ದು ಇಂಥದ್ದನ್ನೇ. ಎರಡು ಯುದ್ಧಗಳ ಗುರುತನ್ನೂ ಒಂದೇ ತುಂಡಿನಲ್ಲಿ ಕೈಯಾರೆ ಕಲಿಯಬಹುದು.

ಲೈನರ್‌ನ ಮೇಲೂ ತಯಾರಕರ ಹೆಸರು, ಅಳತೆ, ಇಸವಿ ಇರುತ್ತವೆ, ‘ವೇರೋ 1939’ ಎಂಬಂತೆ. ಮಾರ್ಕ್ 2ರಲ್ಲಿ ಬೋಗುಣಿಗೂ ಲೈನರ್‌ಗೂ ಒಂದು ವರ್ಷ ಹೆಚ್ಚುಕಡಿಮೆ ಇದ್ದರೆ ಚಿಂತೆ ಬೇಡ, ಎರಡೂ ಬೇರೆ ಬೇರೆ ಕಾರ್ಖಾನೆಗಳಲ್ಲಿ ಆಗುತ್ತಿದ್ದವು.

ಹಳೇಕಬ್ಬಿಣ:
ಸಾಣೆಕಲ್ಲು ಅವರ ಮಾತಿಗೆ ಒಂದು ಸೇರ್ಪಡೆ. ಇದೇ ಆಕಾರದ ಅಮೆರಿಕನ್ ಹೆಲ್ಮೆಟ್ ಎಂ1917 ಕೂಡ ಬ್ರಿಟನ್ನಿನ ಸಂತೆಗಳಿಗೆ ಬರುತ್ತದೆ. ಉಕ್ಕು ಅದೇ, ಆಯಸ್ಕಾಂತದಿಂದ ಬೇರ್ಪಡಿಸಲಾಗದು. ಗದ್ದದ ಪಟ್ಟಿಯ ತಂತಿಬಳೆಯನ್ನು ಬೋಗುಣಿಗೆ ಹಿಡಿದಿಟ್ಟ ಕಡೆ ನೋಡಿ. ಬ್ರಿಟಿಷ್ ಮಾರ್ಕ್ 1ರಲ್ಲಿ ಎರಡಾಗಿ ಸೀಳಿ ಮಡಚಿದ ಪಿನ್, ಅಮೆರಿಕನ್‌ನಲ್ಲಿ ಗಟ್ಟಿ ರಿವೆಟ್. ಅಮೆರಿಕನ್ ಗುರುತು ‘ಜೆಡ್’ ಅಕ್ಷರದಿಂದ ಶುರುವಾಗುತ್ತದೆ.

ಕಪ್ಪು ಹೆಲ್ಮೆಟ್ ಬಗ್ಗೆ: ಆಯಸ್ಕಾಂತ ಹಿಡಿಯುತ್ತದೆ, ಅಂಚಿನಲ್ಲಿ ತೂತುಗಳಿವೆ ಎಂದರೆ ಬಹುಮಟ್ಟಿಗೆ ಬ್ರಿಟನ್ನಿನ ನಾಗರಿಕ ರಕ್ಷಣಾ ದಳದ್ದು. ಸಾದಾ ಉಕ್ಕಿನಲ್ಲಿ ಮಾಡಿದವು ಗುಂಡು, ಚೂರುಗಳನ್ನು ಸೈನ್ಯದ ಮಟ್ಟಕ್ಕೆ ತಡೆಯುತ್ತಿರಲಿಲ್ಲ. ಅವು ತಪ್ಪಿ ರಣರಂಗಕ್ಕೆ ಹೋಗದಿರಲಿ ಎಂದು ತೂತು ಕೊರೆದು ಬೇರೆ ಮಾಡುತ್ತಿದ್ದರು. ‘ಡಬ್ಲ್ಯು’ ಎಂದರೆ ವಾರ್ಡನ್, ವಿಮಾನದಾಳಿಯ ಹೊತ್ತಿನಲ್ಲಿ ಬೀದಿ ಕಾಯುತ್ತಿದ್ದವರು.

ಆದರೆ ತೂತು ಎಲ್ಲಿವೆ ಎಂದು ನೋಡದೆ ತೀರ್ಮಾನಿಸಬೇಡಿ. ಮೂರೂ ಒಟ್ಟಾಗಿ ಹಿಂಭಾಗದ ಅಂಚಿನಲ್ಲೇ ಇದ್ದರೆ ಅದು ದಕ್ಷಿಣ ಆಫ್ರಿಕಾದಲ್ಲಿ ಮಾಡಿದ ಮಾರ್ಕ್ 2, ಸೈನಿಕರದ್ದೇ. ಲೈನರ್‌ನಲ್ಲಿ ‘ಜೇಗರ್ ರ‍್ಯಾಂಡ್’ ಎಂದಿದ್ದರೆ ಅನುಮಾನವೇ ಉಳಿಯದು.

ಅಕ್ಷರದ ಬಗ್ಗೆ ಎಚ್ಚರಿಕೆ ಇರಲಿ. ಖಾಲಿ ಹೆಲ್ಮೆಟ್‌ಗಿಂತ ಅಕ್ಷರವಿರುವುದಕ್ಕೆ ಬೆಲೆ ಹೆಚ್ಚು, ಆದ್ದರಿಂದ ಇವತ್ತಿಗೂ ಬರೆಯುತ್ತಾರೆ. ಭೂತಗನ್ನಡಿಯಲ್ಲಿ ಒಂದು ಗೀರನ್ನು ಹಿಡಿದು ಹಿಂಬಾಲಿಸಿ. ಅದು ಕಪ್ಪು ಬಣ್ಣವನ್ನೂ ಅಕ್ಷರವನ್ನೂ ಒಟ್ಟಿಗೆ ಕತ್ತರಿಸಿರಬೇಕು. ಬಿಳಿ ಬಣ್ಣ ಹಳೇ ಗೀರಿನೊಳಕ್ಕೆ ಇಳಿದು ಕೂತಿದ್ದರೆ ಅಕ್ಷರ ಆಮೇಲೆ ಬಂದದ್ದು.

ಅಂಚುಪಟ್ಟಿಯೇ ಇಲ್ಲದ ಮಾರ್ಕ್ 1 ಸಿಕ್ಕಿತೆಂದು ಯಾರಾದರೂ ದುಬಾರಿ ಬೆಲೆ ಹೇಳಿದರೂ ಹೀಗೇ ನಿಧಾನಿಸಿ. ಮೊದಲ ತಂಡಗಳಿಗೆ ಪಟ್ಟಿ ಇರಲಿಲ್ಲ, 1916ರಲ್ಲಿ ಸೇರಿಸಿದರು. ಹಾಗಾಗಿ ಪಟ್ಟಿ ಕಿತ್ತು ‘ಅಪರೂಪದ್ದು’ ಮಾಡುವವರಿದ್ದಾರೆ. ಪಟ್ಟಿ ಕೂತಿದ್ದಷ್ಟು ಅಗಲಕ್ಕೆ ಬಣ್ಣದ ಗೆರೆ ಬೇರೆಯೇ ಕಾಣುತ್ತದೆ.

ನೂಲಿನೆಳೆ:
ತೊಳೆಯುವ ವಿಚಾರಕ್ಕೆ ಬಂದರೆ, ತೊಳೆಯಲೇಬೇಡಿ. ಅದಕ್ಕಿಂತ ಮುಖ್ಯವಾದ ಇನ್ನೊಂದು ಮಾತು: ಮೊದಲ ಯುದ್ಧದ ಬ್ರೋಡಿ ಹೆಲ್ಮೆಟ್‌ಗಳ ಲೈನರ್‌ನಲ್ಲಿ ಆಸ್‌ಬೆಸ್ಟಾಸ್ ಇರಬಹುದು. ಇದೇ ಕಾರಣಕ್ಕೆ ಬ್ರಿಟನ್ನಿನ ಶಾಲೆಗಳಲ್ಲಿ ಮಕ್ಕಳ ಕೈಗೆ ಇವನ್ನು ಕೊಡಬಾರದೆಂದು ಸೂಚನೆ ಇದೆ. ಹಳೇ ಲೈನರ್ ಇರುವ ಮಾರ್ಕ್ 1 ಕೊಂಡರೆ ಒಳಭಾಗವನ್ನು ಉಜ್ಜುವುದು, ಬ್ರಷ್ ಆಡಿಸುವುದು, ತಲೆಗೆ ಹಾಕಿಕೊಳ್ಳುವುದು ಯಾವುದೂ ಬೇಡ. ಮುಚ್ಚಿದ ಗಾಜಿನ ಪೆಟ್ಟಿಗೆಯಲ್ಲಿಡಿ.

ಹೊರಗಿನ ಬಣ್ಣದಲ್ಲಿ ಸೀಸ ಇರುವ ಸಾಧ್ಯತೆಯಿದೆ, ಮರಳುಕಾಗದ ಮುಟ್ಟಿಸಬೇಡಿ. ಮೆದು ಬ್ರಷ್‌ನಿಂದ ಧೂಳು ತೆಗೆದು, ಹಿಂಡಿದ ಹತ್ತಿಬಟ್ಟೆಯಿಂದ ಒಮ್ಮೆ ಒರೆಸಿ, ತಕ್ಷಣ ಒಣಬಟ್ಟೆ ಆಡಿಸಿ. ಪೂರ್ತಿ ಒಣಗಿದ ಮೇಲೆ ಮೈಕ್ರೋಕ್ರಿಸ್ಟಲಿನ್ ಮೇಣವನ್ನು ತೆಳ್ಳಗೆ ಸವರಿದರೆ ತುಕ್ಕು ಮುಂದುವರಿಯುವುದು ತಗ್ಗುತ್ತದೆ. ತಂತಿಬ್ರಷ್ ಬಿದ್ದರೆ ಮೂಲ ಬಣ್ಣ ಹೋಯಿತು, ಅದರ ಜೊತೆಗೇ ಬೆಲೆಯೂ. ಚರ್ಮದ ಪಟ್ಟಿಗೆ ಎಣ್ಣೆ ಬೇಡ, ಕಪ್ಪಾಗಿ ಅಂಟಂಟಾಗುತ್ತದೆ. ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಟ್ಟರೆ ಒಳಗೇ ಬೆವರುತ್ತದೆ. ಪಟ್ಟಿ ಹಿಡಿದು ನೇತುಹಾಕಿದರೆ ಹೊಲಿಗೆ ಬಿಡುತ್ತದೆ.

ನೇರಳಾತೀತ ಟಾರ್ಚ್ ಒಂದಿದ್ದರೆ ಪಟ್ಟಿಯ ಹೊಲಿಗೆ ಮೇಲೆ ಬಿಡಿ. ದಾರ ನೀಲಿಬಿಳಿಯಾಗಿ ಹೊಳೆದರೆ ಅದು ಬಹುಮಟ್ಟಿಗೆ ಯುದ್ಧದ ನಂತರದ ದಾರ.

ತಗಡುಟೋಪಿ:
ಎಲ್ಲರಿಗೂ ಧನ್ಯವಾದ. ಕಪ್ಪು ಹೆಲ್ಮೆಟ್‌ನ ತೂತುಗಳು ಹಿಂದೆ ಅಲ್ಲ, ಬಲಬದಿಯ ಅಂಚಿನಲ್ಲಿವೆ. ಒಂದು ಗೀರು ‘ಡಬ್ಲ್ಯು’ವನ್ನು ದಾಟಿ ಉಕ್ಕಿನವರೆಗೂ ಹೋಗಿದೆ. ಇನ್ನೊಂದು ಸಂದೇಹ: ಎಚ್‌ಎಸ್ ಹೆಲ್ಮೆಟ್‌ನ ಲೈನರ್ ಇಸವಿ ಸರಿಯಾಗಿ ಕಾಣುತ್ತಿಲ್ಲ. ಸ್ಕ್ರೂ ಬಿಚ್ಚಿ ನೋಡಬಹುದೇ?

ಸಾಣೆಕಲ್ಲು:
ಹಾಗಿದ್ದರೆ ಕಪ್ಪಿನದು ವಾರ್ಡನ್‌ದೇ, ಅಕ್ಷರದ ಮೇಲೆ ಅನುಮಾನ ಪಡಲು ಕಾರಣ ಕಾಣುತ್ತಿಲ್ಲ. ಸ್ಕ್ರೂ ಬಿಚ್ಚಬೇಡಿ. ಎಂಬತ್ತು ವರ್ಷದ ತುಕ್ಕು ಅದನ್ನು ಹಿಡಿದಿದೆ, ತಿರುಗಿಸಿದರೆ ಸ್ಕ್ರೂ ಜೊತೆ ಲೈನರ್‌ನ ನೆತ್ತಿಯೂ ಹರಿದುಬರುತ್ತದೆ. ರಬ್ಬರ್ ತುಂಡುಗಳು ಗಟ್ಟಿಯಾಗಿದ್ದರೆ ಪುಡಿಯಾಗುತ್ತವೆ. ಫೋನಿನ ಕ್ಯಾಮೆರಾವನ್ನು ಒಳಗಿಟ್ಟು, ಬದಿಯಿಂದ ಬೆಳಕು ಬಿಟ್ಟು ನಾಲ್ಕೈದು ಕೋನದಿಂದ ಫೋಟೋ ತೆಗೆಯಿರಿ, ಆಮೇಲೆ ಕಪ್ಪುಬಿಳುಪು ಮಾಡಿ ಕಾಂಟ್ರಾಸ್ಟ್ ಏರಿಸಿ. ಮಾಸಿದ ಶಾಯಿಯ ಅಂಕಿ ಬಹಳ ಸಲ ಹಾಗೆಯೇ ಓದಲು ಸಿಗುತ್ತದೆ. ಫೋಟೋ ಇಲ್ಲಿ ಹಾಕಿ, ನೋಡೋಣ.