ಪದಚರ್ಚೆ: ‘ಸಂಪಾದಕ’ ಅಂದ್ರೆ ದುಡ್ಡು ಇಟ್ಕೊಳ್ಳೋನಾ?

ಎಲ್ಲರಿಗೂ ನಮಸ್ಕಾರ.

ನಮ್ಮ ಹೈಸ್ಕೂಲಿನ ವರಾಂಡದಲ್ಲಿ ಒಂದು ಗೋಡೆಪತ್ರಿಕೆ ಇದೆ. ಡ್ರಾಯಿಂಗ್ ಶೀಟು, ಸ್ಕೆಚ್ ಪೆನ್ನು, ಗೋಂದು. ಮಳೆಗಾಲದಲ್ಲಿ ಇರಚಲು ಹೊಡೆದು ಕವನದ ಬಣ್ಣವೆಲ್ಲ ಕತೆಯ ಮೇಲೆ ಇಳಿಯುತ್ತದೆ. ಈ ಸಲ 9ನೇ ತರಗತಿಯವರು, ಮೊಬೈಲಿನಲ್ಲಿ ಓದೋ ಪತ್ರಿಕೆ ಮಾಡ್ತೀವಿ ಸಾರ್ ಎಂದರು. ತಿಂಗಳಿಗೊಂದು ಪಿಡಿಎಫ್, ಅಪ್ಪ ಅಮ್ಮಂದಿರ ವಾಟ್ಸಾಪ್ ಗ್ರೂಪಿಗೆ. ಬರೆಯುವುದು, ಆರಿಸುವುದು, ಪುಟ ಕಟ್ಟುವುದು ಎಲ್ಲ ಅವರೇ. ನಾನು ಕೇಳಿದಾಗ ಮಾತ್ರ ಕಾಗುಣಿತ ಹೇಳಬೇಕಂತೆ.

ಕೆಲಸ ಹಂಚುವಾಗ ಬೋರ್ಡಿನ ಮೇಲೆ ‘ಸಂಪಾದಕರು’ ಎಂದು ಬರೆದೆ. ಹಿಂದಿನ ಬೆಂಚಿನವನು ಕೇಳಿದ: “ಅಂದ್ರೆ ದುಡ್ಡು ಇಟ್ಕೊಳ್ಳೋನಾ ಸಾರ್?” ಕ್ಲಾಸೆಲ್ಲ ನಕ್ಕಿತು. ಆದರೆ ಅವನು ಕೇಳಿದ್ದರಲ್ಲಿ ತಪ್ಪೇನಿದೆ? ಅವನ ಮನೆಯಲ್ಲಿ ಸಂಪಾದನೆ ಅಂದರೆ ದುಡ್ಡೇ.

ಸಂಸ್ಕೃತದ ‘ಸಂಪಾದನ’ಕ್ಕೆ ನೆರವೇರಿಸುವುದು, ದೊರಕಿಸಿಕೊಳ್ಳುವುದು ಎಂಬ ಅರ್ಥಗಳಿವೆ. ನಮ್ಮ ಆಡುಮಾತಿನಲ್ಲಿ ಎರಡನೆಯದೇ ಗಟ್ಟಿಯಾಗಿ ನಿಂತಿದೆ. ದುಡ್ಡೊಂದೇ ಅಲ್ಲ, ಹೆಸರು, ಪುಣ್ಯ, ಕಷ್ಟಕ್ಕಾಗುವ ನಾಲ್ಕು ಜನ, ಎಲ್ಲವನ್ನೂ ಸಂಪಾದಿಸುತ್ತೇವೆ. 15ನೇ ಶತಮಾನದ ಶೂನ್ಯಸಂಪಾದನೆಯ ಹೆಸರಿನಲ್ಲಿರುವುದೂ ಪಡೆಯುವ ಅರ್ಥವೇ. ತಮಾಷೆ ಏನಪ್ಪಾ ಅಂದರೆ, ಅದರಲ್ಲಿ ಶಿವಗಣಪ್ರಸಾದಿ ಮಹದೇವಯ್ಯ ಮಾಡಿದ್ದು ಶರಣರ ವಚನಗಳನ್ನು ಆರಿಸಿ, ಮಾತುಕತೆಯ ಹಾಗೆ ಜೋಡಿಸುವ ಕೆಲಸ. ಇವತ್ತಿನ ಅರ್ಥದಲ್ಲೂ ಅದು ಸಂಪಾದನೆಯೇ ಅಲ್ವಾ?

ತೆಲುಗಿನಲ್ಲೂ ಇದೇ ಪಾಡು, ಒಂದೇ ಪದಕ್ಕೆ ಗಳಿಕೆಯೂ ಪತ್ರಿಕೆಯೂ. ಮಲಯಾಳದವರು ‘ಪತ್ರಾಧಿಪರ್’ ಎಂದು ಪಾರಾದರು. ತಮಿಳಿನಲ್ಲಿ ‘ಆಸಿರಿಯರ್’, ಮೇಷ್ಟರಿಗೂ ಅದೇ ಪದ. ಅಲ್ಲಿದ್ದಿದ್ದರೆ ಮಕ್ಕಳ ಪತ್ರಿಕೆ ಸುಮ್ನೆ ನನ್ನ ಕೈಗೇ ಬರುತ್ತಿತ್ತೋ ಏನೋ!

ಮಕ್ಕಳೇ ಒಂದು ಪದ ಕೊಟ್ಟರು: ‘ತಿದ್ದೋರು’. ನನಗೆ ಇಷ್ಟವಾಯಿತು. ಸ್ಲೇಟಿನ ಮೇಲೆ ಅಕ್ಷರ ತಿದ್ದುವವನು ಕಲಿಯುವವನು, ಕೆಂಪು ಪೆನ್ನಿನಲ್ಲಿ ತಿದ್ದುವವನು ಕಲಿಸುವವನು. ಒಂದೇ ಪದದಲ್ಲಿ ಇಬ್ಬರೂ ಇದ್ದಾರೆ. ಆದರೆ ಇದರಲ್ಲಿ ತಪ್ಪು ಹುಡುಕುವ ವಾಸನೆ ಜಾಸ್ತಿ. ಬಂದ ಹನ್ನೊಂದು ಕತೆಯಲ್ಲಿ ಯಾವ ಮೂರು ಹಾಕಬೇಕು, ಯಾವುದು ಮೊದಲು, ಗೆಳತಿಯದನ್ನು ಬಿಟ್ಟರೆ ಏನು ಹೇಳಬೇಕು, ಇದೆಲ್ಲ ‘ತಿದ್ದು’ವಿನೊಳಗೆ ಹಿಡಿಯುವುದಿಲ್ಲ. ‘ಸಂಪಾದಿಸು’ವಿನಲ್ಲಿ ಹಿಡಿಯುತ್ತದೆ ಎಂದು ನನಗನ್ನಿಸುತ್ತದೆ.

ಬಲ್ಲವರಲ್ಲಿ ಎರಡು ಪ್ರಶ್ನೆ. ಪತ್ರಿಕೆಯವರಿಗೆ ‘ಸಂಪಾದಕ’ ಎನ್ನುವುದು ಕನ್ನಡ ಅಚ್ಚಿನಲ್ಲಿ ನಿಮಗೆ ಸಿಕ್ಕಿರುವ ಅತಿ ಹಳೆಯ ಬಳಕೆ ಯಾವುದು? ಕನ್ನಡದ ಮೊದಲ ಪತ್ರಿಕೆಯಾದ 1843ರ ‘ಮಂಗಳೂರ ಸಮಾಚಾರ’ದಲ್ಲಿ ಅದನ್ನು ಹೊರತಂದ ಪಾದ್ರಿ ಮೊಗ್ಲಿಂಗ್ ತಮ್ಮನ್ನು ಏನೆಂದು ಕರೆದುಕೊಂಡಿದ್ದರು?

ಇನ್ನೊಂದು ಸ್ವಲ್ಪ ಅವಸರದ್ದು. ಮಕ್ಕಳು ಆರಿಸಿರುವುದು ಒಬ್ಬ ಹುಡುಗಿಯನ್ನು. ‘ಸಂಪಾದಕಿ’ ಎಂದು ಬರೆದರೆ, “ಡಾಕ್ಟರಮ್ಮ ಅಂದ ಹಾಗಾಯ್ತು, ಸಂಪಾದಕ ಅಂತಲೇ ಹಾಕಿ ಸಾರ್” ಎನ್ನುತ್ತಾಳೆ. ನಿಮ್ಮ ಕಡೆ ಬಳಕೆ ಹೇಗಿದೆ? ಸೋಮವಾರ ಪುಟ ಕಟ್ಟಲು ಕೂರುತ್ತಾರೆ. ಅವಳ ಹೆಸರಿನ ಮುಂದಿನ ಜಾಗ ಸದ್ಯಕ್ಕೆ ಖಾಲಿ ಬಿಟ್ಟಿದ್ದೇವೆ.