'ಡೆತ್ ಕ್ಯಾಪ್' ಅಣಬೆಗೆ ಕನ್ನಡದಲ್ಲಿ ಏನನ್ನೋಣ? ಜೊತೆಗೆ ನಂಜು, ನಾಯಿಕೊಡೆ, ಹೊಳವು

ಬಳಗದವರಿಗೆ ನಮಸ್ಕಾರ.

ಮೂರು ಪದ ಕೇಳಬೇಕಿದೆ. ಯಾಕೆ ಅನ್ನುವುದನ್ನು ಮೊದಲು ಹೇಳಿಬಿಡುತ್ತೇನೆ, ಸ್ವಲ್ಪ ಉದ್ದ ಆಗುತ್ತದೆ, ಬೇಜಾರಾಗಬೇಡಿ.

ನಾವಿರುವುದು ಮೆಲ್ಬರ್ನ್‌ನಲ್ಲಿ. ಇಲ್ಲಿ ಏಪ್ರಿಲ್, ಮೇ ಅಂದರೆ ಎಲೆ ಉದುರುವ ಕಾಲ. ನಾಲ್ಕು ಮಳೆ ಬಿದ್ದರೆ ಸಾಕು, ಪಾರ್ಕಿನ ಓಕ್ ಮರಗಳ ಕೆಳಗೆ ಅಣಬೆ ಏಳುತ್ತವೆ. ಊರಿನ ಬಿಸಿಲು ತಪ್ಪಿಸಿಕೊಳ್ಳಲು ಅಪ್ಪ ಅಮ್ಮ, ಅತ್ತೆ ಮಾವ ಬಂದಿರುವ ಕಾಲವೂ ಅದೇ. ಹೋದ ವರ್ಷ ನಮ್ಮತ್ತೆ ವಾಕಿಂಗ್ ಹೋದವರು ಸ್ವೆಟರಿನ ಎರಡೂ ಜೇಬು ತುಂಬಿಸಿಕೊಂಡು ಬಂದರು. ಕೊಪ್ಪದ ಕಡೆಯವರು, ಅಣಬೆ ಅಂದರೆ ಪ್ರಾಣ. ಅಡುಗೆಕಟ್ಟೆ ಮೇಲೆ ಪೇಪರ್ ಹಾಸಿ ಹರಡಿದರು. ನಸುಹಸಿರು ಬೆರೆತ ಹಳದಿ ಕೊಡೆ, ಅಡಿಯಲ್ಲಿ ಹಾಲುಬಿಳುಪಿನ ಪದರ, ಕಾಲಿನ ಮೇಲ್ಭಾಗದಲ್ಲಿ ಲಂಗದ ಅಂಚಿನ ಹಾಗೆ ಇಳಿಬಿದ್ದ ಬಳೆ.

"ವಿಷದ್ದಿರಬಹುದು ಅತ್ತೆ" ಅಂದೆ.

"ನಾಯಿಕೊಡೆ ಯಾವುದು ಅಂತ ನನಗೆ ಗೊತ್ತಾಗಲ್ವೇನೇ? ಹುಳ ಬಿದ್ದಿದೆ ನೋಡು. ವಿಷ ಆಗಿದ್ದರೆ ಹುಳ ಮುಟ್ತಿತ್ತಾ?"

ಜಾಸ್ತಿ ಅಣಬೆಗಳನ್ನು ಅವರು ಕಾಲಿನ ಮಧ್ಯಕ್ಕೆ ಮುರಿದು ತಂದಿದ್ದರು. ಒಂದು ಮಾತ್ರ ಬುಡ ಸಮೇತ ಬಂದಿತ್ತು. ಒಡೆದ ಕೋಳಿಮೊಟ್ಟೆಯ ಅರ್ಧ ಚಿಪ್ಪಿನಲ್ಲಿ ನಿಲ್ಲಿಸಿದ ಹಾಗೆ, ಬುಡದಲ್ಲಿ ಬಿಳೀ ಚೀಲ. ಅದನ್ನು ನೋಡಿದ ಮೇಲೆ ಎಲ್ಲವನ್ನೂ ಕಸಕ್ಕೆ ಹಾಕಿದೆವು. ಅತ್ತೆ ಎರಡು ದಿನ ನನ್ನ ಜೊತೆ ಸರಿಯಾಗಿ ಮಾತಾಡಲಿಲ್ಲ.

ಹುಳಕ್ಕೂ ವಿಷಕ್ಕೂ ಸಂಬಂಧ ಇಲ್ಲ ಅಂತ ಅವರಿಗೆ ಆಮೇಲೆ ಹೇಳಿದೆ. ಬೇಯಿಸಿದರೂ ಒಣಗಿಸಿದರೂ ಫ್ರಿಜ್ಜಿನಲ್ಲಿಟ್ಟರೂ ಈ ವಿಷ ಹೋಗುವುದಿಲ್ಲ. ಅರಿಶಿನದ ನೀರಿಗೂ ಬಗ್ಗುವುದಿಲ್ಲ. ಕೆಟ್ಟ ರುಚಿಯೂ ಇಲ್ಲ, ತಿಂದು ಬದುಕಿದವರು ರುಚಿಯಾಗಿತ್ತು ಅಂತಲೇ ಹೇಳಿದ್ದಾರೆ.

ಈ ಸಲ ಊರಿಂದ ಬರುವ ಹಿರಿಯರಿಗೆ ಅಂತ ನಾವು ಕೆಲವರು ಸೇರಿ ಒಂದು ಪುಟದ ಚೀಟಿ ಮಾಡುತ್ತಿದ್ದೇವೆ. ಕನ್ನಡ ಬರೆಯುವ ಕೆಲಸ ನನ್ನ ತಲೆಗೆ ಬಂತು. ಮೊದಲ ಸಾಲಿನಲ್ಲೇ ಸಿಕ್ಕಿಕೊಂಡೆ.

ಇಲ್ಲಿಯವರು ಇದನ್ನು ಡೆತ್ ಕ್ಯಾಪ್ ಅನ್ನುತ್ತಾರೆ. ಶಾಸ್ತ್ರದ ಹೆಸರು ಅಮಾನಿಟಾ ಫಾಲಾಯ್ಡಿಸ್. ಯುರೋಪಿನ ಅಣಬೆ, ಅಲ್ಲಿಂದ ತಂದು ನೆಟ್ಟ ಮರಗಳ ಬೇರು ಹಿಡಿದುಕೊಂಡು ಬಂದಿದೆ. ಇದೇ ವಿಕ್ಟೋರಿಯಾ ರಾಜ್ಯದ ಲಿಯೊಂಗಾಥಾದಲ್ಲಿ 2023ರ ಜುಲೈ 29ರಂದು ಒಂದು ಮನೆಯ ಮಧ್ಯಾಹ್ನದ ಊಟಕ್ಕೆ ನಾಲ್ವರು ನೆಂಟರು ಬಂದಿದ್ದರು. ಊಟದಲ್ಲಿ ಇದೇ ಅಣಬೆ ಇತ್ತು. ಮೂವರು ಸತ್ತರು. ಅಡುಗೆ ಮಾಡಿ ಬಡಿಸಿದಾಕೆಗೆ 2025ರಲ್ಲಿ ಜೀವಾವಧಿ ಶಿಕ್ಷೆ ಆಯಿತು. ಆ ಸುದ್ದಿ ಬಂದಾಗ ನಮ್ಮ ವಾಟ್ಸಾಪ್ ಗುಂಪಿನಲ್ಲಿ ಒಬ್ಬರು 'ಸಾವಿನ ಟೋಪಿ' ಅಂತ ಬರೆದರು. ನನಗೆ ಕಂಪನಿ ನಾಟಕದ ಹೆಸರು ಕೇಳಿದ ಹಾಗಾಯಿತು. ಕನ್ನಡದಲ್ಲಿ ಅಣಬೆಗೆ ಟೋಪಿ ಎಲ್ಲಿದೆ? ನಮಗೆ ಅದು ಕೊಡೆ. ತೆಲುಗಿನವರಿಗೂ ಪುಟ್ಟಗೊಡುಗು, ಹುತ್ತದ ಕೊಡೆ.

ಹಾಗಾದರೆ 'ಸಾವುಗೊಡೆ' ಅನ್ನಬಹುದಾ? ಬೆಳ್ಗೊಡೆ ಇರುವಾಗ ಸಾವುಗೊಡೆ ಯಾಕಾಗಬಾರದು ಅಂತ ನನ್ನ ವಾದ. ಕೇಳಿದ ಕೂಡಲೇ ಹೆದರಿಕೆ ಹುಟ್ಟಬೇಕು, ಹಾಗೆಯೇ ಅಣಬೆಯ ವಿಷಯ ಅಂತಲೂ ಗೊತ್ತಾಗಬೇಕು. ನನ್ನ ಗಂಡನ ಪ್ರಕಾರ 'ಡೆತ್ ಕ್ಯಾಪ್' ಅಂತ ಕನ್ನಡ ಅಕ್ಷರದಲ್ಲಿ ಬರೆದರೆ ಸಾಕು. ಆಸ್ಪತ್ರೆಯಲ್ಲಿ ಆ ಹೆಸರೇ ಹೇಳಬೇಕಾಗುತ್ತದಲ್ಲ, ಅದೂ ಸರಿ. ಎರಡನ್ನೂ ಹಾಕುವ ಯೋಚನೆ ಇದೆ.

ಇನ್ನು ನಾಯಿಕೊಡೆ. ನಿಘಂಟು ನೋಡಿದರೆ ನಾಯಿಕೊಡೆ ಅಂದರೆ ಅಣಬೆ, ಮುಗಿಯಿತು. ಆದರೆ ಅತ್ತೆಯ ಬಾಯಲ್ಲಿ ಹಾಗಿಲ್ಲ. ಅಣಬೆ ಅಂದರೆ ತಿನ್ನುವಂಥದ್ದು, ಅದಕ್ಕೆ ಹೆಸರುಗಳಿವೆ: ಹುತ್ತದಣಬೆ, ಹೆಗ್ಗಾಲಣಬೆ, ಕಲ್ಲಣಬೆ. ಹೆಸರಿಲ್ಲದ ಉಳಿದದ್ದೆಲ್ಲ ನಾಯಿಕೊಡೆ. ನಾಯಿತುಳಸಿ, ನಾಯಿಸಾಸಿವೆ, ನಾಯಿನೇರಳೆ ಇವುಗಳಲ್ಲಿರುವ ನಾಯಿಯೇ ಇಲ್ಲೂ ಇರುವುದು ಅಂತ ನನ್ನ ಅನಿಸಿಕೆ. ಮರಾಠಿಯಲ್ಲೂ ನಾಯಿಯ ಛತ್ರಿ ಇದೆ. ಹಿಂದಿಯ ಕುಕುರಮುತ್ತಾದಲ್ಲಿ ನಾಯಿ ಕೊಡೆಯನ್ನೂ ಬಿಟ್ಟು ಉಚ್ಚೆಗೆ ಇಳಿದಿದೆ! ಬಂಗಾಳಿಯವರದು ಕಪ್ಪೆಯ ಛತ್ರಿ.

ತೊಂದರೆ ಏನೆಂದರೆ, ನಾಯಿಕೊಡೆ ಅಂದರೆ 'ಬೇಡದ್ದು' ಅಂತ ಅರ್ಥ ಬರುತ್ತದೆಯೇ ಹೊರತು 'ಕೊಲ್ಲುವಂಥದ್ದು' ಅಂತ ಬರುವುದಿಲ್ಲ. ನೋಡೋಕೆ ಚೆನ್ನಾಗಿದ್ದರೆ ಅದು ನಾಯಿಕೊಡೆ ಅಲ್ಲ ಅಂತಲೂ ಆಗಿಬಿಡುತ್ತದೆ. ಅತ್ತೆ ಎಡವಿದ್ದು ಅಲ್ಲೇ. ಪೇಪರಿನವರು ಬೀದಿಗೊಂದು ಕೋಚಿಂಗ್ ಸೆಂಟರ್ ತೆರೆದರೂ ನಾಯಿಕೊಡೆಗಳಂತೆ ತಲೆಯೆತ್ತಿವೆ ಅಂತ ಬರೆದು ಆ ಪದದ ಹಲ್ಲು ಕಿತ್ತಿದ್ದಾರೆ.

'ನಂಜಿನ ಅಣಬೆ' ಅನ್ನೋಣ ಅಂದರೆ ಇನ್ನೊಂದು ಫಜೀತಿ. ನಂಜುಂಡೇಶ್ವರ ಉಂಡ ನಂಜು ಬೇರೆ. ಮಲೆನಾಡು, ಕರಾವಳಿಯ ಅಡುಗೆಮನೆಯ ನಂಜು ಬೇರೆ, ಗಾಯ ಮಾಯದ ಹಾಗೆ ಮಾಡುತ್ತದೆ ಅನ್ನುವ ಪದಾರ್ಥ ಅದು. ಕಾಲಿಗೆ ಗಾಯ ಆಗಿದ್ದಾಗ ಬದನೆಕಾಯಿ ನಂಜು. ಅಲ್ಲಿ ಅಣಬೆ ಅನ್ನುವುದೇ ನಂಜು, ಒಳ್ಳೆಯ ಹುತ್ತದಣಬೆಯೂ ಸೇರಿ. ಚೀಟಿಯಲ್ಲಿ 'ಇದು ನಂಜು' ಅಂತ ಓದಿದರೆ "ಗೊತ್ತು, ನನಗೇನು ಗಾಯ ಇಲ್ವಲ್ಲ" ಅಂತಾರೆ. ಹಾಗಾಗಿ ವಿಷ ಅಂತಲೇ ಬರೆದಿದ್ದೇನೆ. ಅಚ್ಚಗನ್ನಡ ಬೇಕು ಅನ್ನುವವರು ಸಿಟ್ಟಾಗಬೇಡಿ. ಇಲ್ಲಿ ಪದ ತಪ್ಪಿದರೆ ಜೀವಕ್ಕೆ ಬರುತ್ತದೆ. 2022ರ ಏಪ್ರಿಲ್‌ನಲ್ಲಿ ಅಸ್ಸಾಮಿನಲ್ಲಿ ಕಾಡಣಬೆ ತಿಂದು 13 ಜನ ಸತ್ತರು, ಜಾಸ್ತಿ ಜನ ಚಹಾ ತೋಟಗಳ ಕಡೆಯವರು. ಅಣಬೆ ಆರಿಸುವ ರೂಢಿ ಇರುವವರೇ ಅವರೂ.

ಎರಡನೆಯ ಪದ ಬುಡದ ಆ ಚೀಲದ್ದು. ಇಂಗ್ಲಿಷಿನಲ್ಲಿ ವೋಲ್ವಾ. ಈ ಅಣಬೆ ಮೊದಲು ಮೊಟ್ಟೆಯ ಆಕಾರದಲ್ಲಿ ಇರುತ್ತದೆ, ಹೊದಿಕೆ ಹರಿದುಕೊಂಡು ಮೇಲೇಳುತ್ತದೆ, ಹರಿದದ್ದು ಬುಡದಲ್ಲಿ ಉಳಿಯುತ್ತದೆ. ನಮ್ಮ ಹುತ್ತದಣಬೆಗೆ ಅದಿಲ್ಲ. ಅದನ್ನು ಮೆಲ್ಲಗೆ ಎಳೆದರೆ ಹುತ್ತದೊಳಗಿನಿಂದ ಉದ್ದ ಬೇರಿನಂಥದ್ದು ಬರುತ್ತದೆ. ಅತ್ತೆಗೆ ಇದು ಚೆನ್ನಾಗಿ ಗೊತ್ತು. ಓಕ್ ಮರದ ಕೆಳಗೆ ಮಾತ್ರ ಬೇರು ನೋಡದೆ ಮುರಿದರು. ಆದರೆ ಬತ್ತದ ಹುಲ್ಲಿನ ಮೇಲೆ ಬೆಳೆಸುವ ಹುಲ್ಲಣಬೆಗೆ ಈ ಚೀಲ ಇದೆ, ಅದೇ ಎಡವಟ್ಟು. 2012ರ ಹೊಸ ವರ್ಷದ ಹೊತ್ತಿಗೆ ಕ್ಯಾನ್‌ಬೆರಾದಲ್ಲಿ ಚೀನಾ ಮೂಲದ ಇಬ್ಬರು ಡೆತ್ ಕ್ಯಾಪ್ ತಿಂದು ತೀರಿಕೊಂಡರು. ಹುಲ್ಲಣಬೆ ಅಂದುಕೊಂಡು ತಿಂದಿರಬೇಕು ಎನ್ನುತ್ತಾರೆ.

'ಬುಡಚೀಲ', 'ಬುಡದ ಬಟ್ಟಲು', 'ಮೊಟ್ಟೆಚಿಪ್ಪು' ಇವುಗಳಲ್ಲಿ ಯಾವುದು? ನನ್ನ ಒಲವು ಮೊಟ್ಟೆಚಿಪ್ಪಿನ ಕಡೆಗೆ. ನಮ್ಮ ಗುಂಪಿನ ಒಬ್ಬರು ಈ ವಿವರವೇ ಬೇಡ, 'ಕಾಡಣಬೆ ತಿನ್ನಬೇಡಿ' ಅಂತ ಒಂದು ಸಾಲು ಸಾಕು ಅಂದರು. ಅರವತ್ತು ವರ್ಷ ಅಣಬೆ ತಿಂದವರಿಗೆ ಸುಮ್ನೆ ಬೇಡ ಅಂದರೆ ಕೇಳುತ್ತಾರಾ? ಕಾರಣ ಕಣ್ಣಿಗೆ ಕಾಣಬೇಕು.

ಈಗ ಮೂರನೆಯದು. ನಿಜವಾಗಿ ನಾನು ಬರೆಯುತ್ತಿರುವುದೇ ಇದಕ್ಕೆ.

ಈ ಅಣಬೆಯ ವಿಷ ಅಮಾನಿಟಿನ್. ಜೀವಕೋಶ ಪ್ರೋಟೀನ್ ತಯಾರಿಸಬೇಕಾದರೆ ಮೊದಲು ಡಿಎನ್‌ಎಯಲ್ಲಿರುವ ಮಾಹಿತಿಯನ್ನು ನಕಲು ಮಾಡಿಕೊಳ್ಳಬೇಕು. ನಕಲು ಮಾಡುವ ಕಿಣ್ವದ ಹೆಸರು ಆರ್‌ಎನ್‌ಎ ಪಾಲಿಮರೇಸ್ 2. ಅಮಾನಿಟಿನ್ ಅದನ್ನೇ ಹೋಗಿ ಹಿಡಿಯುತ್ತದೆ. ಹೊಸ ನಕಲಿಲ್ಲ, ಹೊಸ ಪ್ರೋಟೀನೂ ಇಲ್ಲ. ಕಣಜದಲ್ಲಿ ಇರುವಷ್ಟು ದಿನ ಊಟ, ಆಮೇಲೆ ಕೋಶ ಸಾಯುತ್ತದೆ. ಅತಿ ಹೆಚ್ಚು ಪೆಟ್ಟು ಲಿವರಿಗೆ. ಅಲ್ಲಿಂದ ಪಿತ್ತದ ಜೊತೆ ಕರುಳಿಗೆ ಇಳಿದ ವಿಷ ಮತ್ತೆ ಹೀರಿಕೊಂಡು ಲಿವರಿಗೇ ವಾಪಸ್ ಬರುತ್ತದೆ. ತಿಂದವರ ಮೈತೂಕದ ಒಂದು ಕಿಲೋಗೆ 0.1 ಮಿಲಿಗ್ರಾಂ ವಿಷ ಸಾಕು ಕೊಲ್ಲಲು, ಅಂದರೆ ಒಂದೇ ಒಂದು ಅಣಬೆ. ಅಂದಹಾಗೆ ಲಿವರಿಗೆ 'ಈಲಿ' ಅಂತ ಹಳೆಯ ಪದ ಇದೆ, ಪಠ್ಯಪುಸ್ತಕದವರದು ಪಿತ್ತಜನಕಾಂಗ. ಚೀಟಿಯಲ್ಲಿ ಲಿವರ್ ಅಂತಲೇ ಇದೆ.

ತಿಂದವರಿಗೆ ಕಾಣುವುದು ಹೀಗೆ. ಆರರಿಂದ ಹನ್ನೆರಡು ಗಂಟೆ, ಕೆಲವರಿಗೆ ಇನ್ನೂ ಜಾಸ್ತಿ, ಏನೂ ಇಲ್ಲ. ರಾತ್ರಿ ಉಂಡವರು ನಿದ್ದೆ ಮಾಡಿ ಏಳುತ್ತಾರೆ. ಆಮೇಲೆ ವಾಂತಿ, ನೀರಿನಂಥ ಭೇದಿ, ಸುಮಾರು ಒಂದು ದಿನ. ಆಮೇಲೆ ನಿಂತುಹೋಗುತ್ತದೆ. ರೋಗಿ ಎದ್ದು ಕೂರುತ್ತಾರೆ, ಗಂಜಿ ಕೇಳುತ್ತಾರೆ, ಮನೆಗೆ ಹೋಗೋಣ ಅನ್ನುತ್ತಾರೆ. ಆ ಹೊತ್ತಿನಲ್ಲಿ ಒಳಗೆ ಲಿವರ್ ಸಾಯುತ್ತಿರುತ್ತದೆ. ಮೂರನೆಯ, ನಾಲ್ಕನೆಯ ದಿನಕ್ಕೆ ಕಾಮಾಲೆ, ರಕ್ತಸ್ರಾವ, ಬುದ್ಧಿ ಮಂಕು. ಆಸ್ಪತ್ರೆಯಲ್ಲಿ ಡ್ರಿಪ್ಸ್ ಕೊಡುತ್ತಾರೆ, ಮಿಲ್ಕ್ ತಿಸಲ್ ಅನ್ನುವ ಮುಳ್ಳುಗಿಡದಿಂದ ತೆಗೆದ ಸಿಲಿಬಿನಿನ್ ಕೊಡುತ್ತಾರೆ. ಎಲ್ಲಾ ಕೈಕೊಟ್ಟರೆ ಲಿವರ್ ಕಸಿ. ಬೇಗ ಹೋದಷ್ಟೂ ಒಳ್ಳೆಯದು. ಆದರೆ ಮಧ್ಯದ ಆ ಸುಳ್ಳು ಸುಖದಲ್ಲೇ ಜನ ಆಸ್ಪತ್ರೆ ಬಿಟ್ಟು ಬರುತ್ತಾರೆ.

ಬೇಗ ವಾಂತಿ ಮಾಡಿಸುವ ಅಣಬೆಯೇ ಹೆಚ್ಚು ಅಪಾಯದ್ದು ಅಂತಲೂ ಇಲ್ಲ. ಹುಲ್ಲುಹಾಸಿನಲ್ಲಿ ಏಳುವ, ಬಲಿತಾಗ ಪದರ ಹಸಿರಾಗುವ ಇನ್ನೊಂದು ದೊಡ್ಡ ಅಣಬೆ ಇದೆ. ಅದನ್ನು ತಿಂದರೆ ಒಂದರಿಂದ ಮೂರು ಗಂಟೆಯೊಳಗೆ ಕರುಳು ಕಿತ್ತುಬರುವ ಹಾಗೆ ವಾಂತಿ. ಆದರೂ ಅದರಿಂದ ಸಾಯುವುದು ಅಪರೂಪ. 1952ರಲ್ಲಿ ಪೋಲೆಂಡಿನಲ್ಲಿ 102 ಜನರ ಕಿಡ್ನಿಗೆ ಹಾನಿ ಮಾಡಿ 11 ಜನರನ್ನು ಕೊಂದ ಕಾರ್ಟಿನೇರಿಯಸ್ ಅನ್ನುವ ಅಣಬೆಯಂತೂ ಎರಡು ಮೂರು ವಾರ ಸುಮ್ಮನಿರಬಲ್ಲದು. ಅಷ್ಟು ಹೊತ್ತಿಗೆ ಅಣಬೆ ತಿಂದದ್ದೇ ಮರೆತಿರುತ್ತದೆ.

ಆ ಸುಳ್ಳು ಸುಖಕ್ಕೆ ಪದ ಬೇಕು. 'ಹುಸಿ ಚೇತರಿಕೆ' ಅಂತ ಬರೆದೆ. ಅರ್ಥ ಸರಿ, ಆದರೆ ಅತ್ತೆಗೆ ಓದಿ ಹೇಳಿದರೆ ತಲೆ ಅಲ್ಲಾಡಿಸಿದರು ಅಷ್ಟೇ. "ಮಳೆ ಬಿಟ್ಟ ಹಾಗೆ ಆಗುತ್ತೆ ಅತ್ತೆ, ಆದರೆ ಬಿಟ್ಟಿರಲ್ಲ" ಅಂದೆ.

"ಓ, ಹೊಳವು" ಅಂದರು.

ಮಲೆನಾಡಿನವರಿಗೆ ಹೇಳಬೇಕಿಲ್ಲ. ಆಷಾಢದಲ್ಲಿ ವಾರಗಟ್ಟಲೆ ಹೊಡೆದ ಮಳೆ ಒಂದು ಗಳಿಗೆ ನಿಂತು ಬಿಸಿಲು ಇಣುಕಿದರೆ ಹೊಳವಾಯಿತು ಅನ್ನುತ್ತಾರೆ. ಬಟ್ಟೆ ಹೊರಗೆ ಹಾಕುವಷ್ಟರಲ್ಲಿ ಮತ್ತೆ ಶುರು. ಅದಕ್ಕೆ ಚೀಟಿಯಲ್ಲಿ ಹೀಗೆ ಬರೆದಿದ್ದೇನೆ: "ಎರಡನೇ ದಿನ ವಾಂತಿ ಭೇದಿ ನಿಂತರೆ ಅದು ಬರೀ ಹೊಳವು. ಆಸ್ಪತ್ರೆ ಬಿಟ್ಟು ಬರಬೇಡಿ."

ಆದರೆ ಇಲ್ಲಿ ಧಾರವಾಡದವರಿದ್ದಾರೆ, ಮಂಡ್ಯದವರಿದ್ದಾರೆ, ಬಳ್ಳಾರಿಯವರಿದ್ದಾರೆ. ಅವರಿಗೆ ಹೊಳವು ಅಂದರೆ ಗೊತ್ತಾಗುತ್ತದಾ? ಮಳೆ ನಡುವೆ ಬಿಡುವ ಆ ಹೊತ್ತಿಗೆ ನಿಮ್ಮ ಕಡೆ ಏನನ್ನುತ್ತೀರಿ? ಜ್ವರ ಬಿಟ್ಟು ಮತ್ತೆ ಬರುವುದಕ್ಕೆ ಹಳೆಯವರು ಬಳಸುತ್ತಿದ್ದ ಪದ ಇದ್ದರೂ ತಿಳಿಸಿ. ಸಾವುಗೊಡೆ, ಮೊಟ್ಟೆಚಿಪ್ಪಿನ ಬಗ್ಗೆಯೂ ನಿಮ್ಮ ಅಭಿಪ್ರಾಯ ಬೇಕು. ಚೀಟಿ ಶುಕ್ರವಾರ ಅಚ್ಚಿಗೆ ಹೋಗುತ್ತದೆ, ಗುರುವಾರ ರಾತ್ರಿಯೊಳಗೆ ಬರೆದರೆ ತಿದ್ದಬಹುದು.