ಕಾರ್ಡಿನಲ್ಲಿ ಎಲ್ಲ ಲಸಿಕೆಗೂ ಟಿಕ್, ಸ್ಟಿಕ್ಕರ್ ಮಾತ್ರ ಒಂದೇ. ಮತ್ತೆ ಹಾಕಿಸಬೇಕಾ?

ಪುಟ್ಟಿಯ ಮನೆಯವರು:
ಶನಿವಾರ ಹತ್ತು ವಾರದ ಹೆಣ್ಣು ನಾಯಿಮರಿ ತಂದೆವು. "ಎಲ್ಲ ಇಂಜೆಕ್ಷನ್ ಆಗಿದೆ, ವರ್ಷದ ತನಕ ಚಿಂತೆ ಇಲ್ಲ" ಅಂತ ಹೇಳಿ ಕೊಟ್ಟರು. ಕಾರ್ಡು ಬಿಡಿಸಿದರೆ ಒಂದೇ ಸ್ಟಿಕ್ಕರ್, ಆ ತಾರೀಕಿಗೆ ಮರಿಗೆ ಆರು ವಾರ. ಉಳಿದ ಸಾಲುಗಳಲ್ಲಿ ಬರೀ ಟಿಕ್, ಎಲ್ಲವೂ ಒಂದೇ ಪೆನ್ನಿನದು. ಸಹಿಯಿಲ್ಲ. ಮತ್ತೆ ಹಾಕಿಸಿದರೆ ಡೋಸ್ ಜಾಸ್ತಿಯಾಗುತ್ತಾ?

ಹಳೇ ನಾಯಿಪ್ರೇಮಿ:
ಟಿಕ್ಕನ್ನು ಮರೆತುಬಿಡಿ. ಸ್ಟಿಕ್ಕರ್, ಬ್ಯಾಚ್ ನಂಬರ್, ಸಹಿ ಇಲ್ಲದ ಡೋಸ್ ಆಗಿಲ್ಲ ಅಂತಲೇ ಲೆಕ್ಕ. ಒಂದು ಡೋಸ್ ಹೆಚ್ಚಾದರೆ ಸಾಮಾನ್ಯವಾಗಿ ಏನೂ ಆಗಲ್ಲ, ತಪ್ಪಿದರೆ ಪಾರ್ವೊ (ವಾಂತಿಭೇದಿ ತಂದು ಮರಿಯ ಜೀವ ತೆಗೆಯಬಲ್ಲ ವೈರಸ್) ಕಾದಿರುತ್ತೆ.

ಆರು ವಾರಕ್ಕೆ ಹಾಕಿದ್ದು ನಿಜವೇ ಇರಲಿ, ಅದನ್ನು ನಂಬಿ ಕೂರುವ ಹಾಗಿಲ್ಲ. ತಾಯಿಯ ಗಿಣ್ಣುಹಾಲಿನಿಂದ ಬಂದ ಪ್ರತಿಕಾಯಗಳು ಮರಿಯನ್ನು ಕಾಯುತ್ತವೆ, ಅವೇ ಲಸಿಕೆಯನ್ನೂ ಹೊಡೆದುಹಾಕುತ್ತವೆ. ಅವು ಒಂದು ಮರಿಯಲ್ಲಿ ಎಂಟು ವಾರಕ್ಕೆ ಇಳಿದರೆ ಅದರ ಜೊತೆಹುಟ್ಟಿನಲ್ಲಿ ಹದಿನಾಲ್ಕಕ್ಕೆ ಇಳಿಯಬಹುದು. ಅದಕ್ಕೇ 2ರಿಂದ 4 ವಾರಕ್ಕೊಮ್ಮೆ ಹಾಕುತ್ತಾ ಹೋಗೋದು. "ಮೂರು ಡೋಸ್ ಆಯ್ತು, ಮುಗೀತು" ಅನ್ನೋ ಲೆಕ್ಕ ನನಗೆ ಹಿಡಿಸಲ್ಲ. ಕೊನೆಯ ಡೋಸ್ 16 ವಾರ ತುಂಬಿದ ಮೇಲೆ ಬಿದ್ದಿದೆಯಾ, ಅದನ್ನು ನೋಡಿ.

ನಿಮಗೆ ಈಗೊಂದು, 13 ವಾರಕ್ಕೊಂದು, 16 ತುಂಬಿದ ಮೇಲೊಂದು ಆಗಬಹುದು. ಡಿಸ್ಟೆಂಪರ್ (ಉಸಿರಾಟ, ನರಗಳಿಗೆ ಹೊಡೆಯುವ ವೈರಸ್ ರೋಗ), ಪಾರ್ವೊ, ಅಡಿನೊವೈರಸ್ (ಲಿವರಿಗೆ ಬರುವ ಹೆಪಟೈಟಿಸ್) ಮೂರೂ ಒಂದೇ ಸೂಜಿಯಲ್ಲಿ ಬರುತ್ತವೆ. ರೇಬೀಸ್ ಬೇರೆ, 12 ವಾರ ತುಂಬಿದ ಮೇಲೆ. ಬಂದರೆ ಔಷಧಿಯಿಲ್ಲದ ರೋಗ ಅದು, ಮನೆಯವರಿಗೂ ಹರಡುತ್ತೆ. ಮೊದಲು ಹೇಳಿದ ಮೂರರ ಸೂಜಿಗೆ ಮರಿಗೆ ಆರು ತಿಂಗಳೋ ವರ್ಷವೋ ಆದಾಗ ಬೂಸ್ಟರ್.

ಸಾಧ್ಯವಾದರೆ ಸೀಸೆ ತೋರಿಸಿ ಅಂತ ಕೇಳಿ. ತಳದಲ್ಲಿ ಒಣಗಿದ ಬಿಳಿ ಬಿಲ್ಲೆ ಇರುತ್ತೆ, ಇನ್ನೊಂದು ಸೀಸೆಯ ದ್ರವ ಬಿಟ್ಟು ಅಲ್ಲಾಡಿಸುತ್ತಾರೆ, ಸ್ಟಿಕ್ಕರ್ ಕಿತ್ತು ಕಾರ್ಡಿಗೆ ಅಂಟಿಸುತ್ತಾರೆ. ಫ್ರಿಜ್ಜಿನಲ್ಲಿ 2ರಿಂದ 8 ಡಿಗ್ರಿಯಲ್ಲಿ ಇರಬೇಕಾದ್ದು ಅದು. ತಂಪಿಲ್ಲದೆ ಚೀಲದಲ್ಲಿ ಹೊತ್ತು ತಂದು ಚುಚ್ಚಿದ್ದರೆ ಸ್ಟಿಕ್ಕರ್ ಇದ್ದೂ ನಂಬೋ ಹಾಗಿಲ್ಲ.

ಮಳೆಗಾಲದವ:
ಲೆಪ್ಟೊ (ಲೆಪ್ಟೊಸ್ಪೈರೋಸಿಸ್, ಇಲಿಜ್ವರ) ಬಿಟ್ರಲ್ಲ ಸರ್. ಇಲಿ ಮೂತ್ರ ಬೆರೆತ ನೀರಿನಿಂದ ಬರುತ್ತೆ, ಮನುಷ್ಯರಿಗೂ. ಮೊದಲ ಸಲ ಎರಡು ಡೋಸ್, ಆಮೇಲೆ ಪ್ರತಿ ವರ್ಷ. ಎಷ್ಟೋ ಬ್ರಾಂಡಿನಲ್ಲಿ ಆ ಬೆರೆಸುವ ದ್ರವವೇ ಲೆಪ್ಟೊ ಲಸಿಕೆ.

ಪುಟ್ಟಿಯ ಮನೆಯವರು:
ಅಲ್ಲಿಯವರೆಗೆ ಮನೆಯಲ್ಲೇ ಕಟ್ಟಿಹಾಕೋದಾ?

ಹಳೇ ನಾಯಿಪ್ರೇಮಿ:
ಬೇಡ. ಲೋಕ ನೋಡಿ ಕಲಿಯೋ ವಯಸ್ಸು ಹದಿನಾಲ್ಕು ವಾರದೊಳಗೆ ಜಾರಿಹೋಗುತ್ತೆ. ಎತ್ತಿಕೊಂಡು ತಿರುಗಿ, ಲಸಿಕೆಯಾದ ಆರೋಗ್ಯವಂತ ನಾಯಿಗಳ ಜೊತೆ ಆಡಿಸಿ. ಬೇರೆ ನಾಯಿಗಳು ಓಡಾಡುವ ನೆಲಕ್ಕೆ ಮಾತ್ರ ಇಳಿಸಬೇಡಿ, ಪಾರ್ವೊ ಮಣ್ಣಲ್ಲಿ ತಿಂಗಳುಗಟ್ಟಲೆ ಉಳಿಯುತ್ತೆ. ಚಪ್ಪಲಿ ಹೊರಗೇ ಬಿಡಿ.

ಪುಟ್ಟಿಯ ಮನೆಯವರು:
ಇವತ್ತು ಹಾಕಿಸಿಬಂದೆ. ಭುಜದ ಹತ್ತಿರ ಬಟಾಣಿಯಷ್ಟು ಗಂಟಾಗಿದೆ, ಬಂದಾಗಿನಿಂದ ಮಲಗಿದ್ದಾಳೆ. ಹೆದರಬೇಕಾ?

ಮಳೆಗಾಲದವ:
ಒಂದೆರಡು ದಿನ ಮಂಕು ಸಹಜ, ಗಂಟು ನಿಧಾನಕ್ಕೆ ಕರಗುತ್ತೆ. ಮುಖ ಊದಿದರೆ, ಪದೇಪದೇ ವಾಂತಿಯಾದರೆ, ಉಸಿರು ಕಟ್ಟಿದರೆ ಇಲ್ಲಿ ಬರೆಯುತ್ತಾ ಕೂರಬೇಡಿ, ಡಾಕ್ಟರ ಹತ್ತಿರ ಓಡಿ. ಮುಂದಿನ ಸಲ ಅರ್ಧಗಂಟೆ ಅಲ್ಲೇ ಕೂತು ಬನ್ನಿ.

ಪುಟ್ಟಿಯ ಮನೆಯವರು:
ಎದ್ದಳು! ಕಾರ್ಡಿನ ಮೂಲೆ ಕಚ್ಚಿ ಹರಿದಿದ್ದಾಳೆ. ಪುಣ್ಯಕ್ಕೆ ಹೊಸ ಸ್ಟಿಕ್ಕರ್ ಉಳಿದಿದೆ. ಫೋಟೋ ತೆಗೆದಿಟ್ಟೆ.